ಹೊಳಿ ಅದ, ಗುಡ್ಡ ಅದ ಅಂತ ಪಹರೆ ತೆಳು ಮಾಡಿದವರ ಕಥೆ: 1565ರ ಕೃಷ್ಣಾ ದಂಡೆಯಿಂದ 2022ರ ಖಾರ್ಕಿವ್ ತನಕ

ಕೋಟೆ ಅಗಸಿ (ಕಲಬುರಗಿ)

ರಕ್ಕಸತಂಗಡಿ (ತಾಳಿಕೋಟೆ) ಯುದ್ಧದ ಮಾತು ಬಂದಾಗಲೆಲ್ಲ ನಾವು ಪಕ್ಷ ಬದಲಿಸಿದ ಸರದಾರರು, ರಾಮರಾಯನ ಕೊನೆ, ಹಂಪಿಯ ನಾಶ ಇಷ್ಟರಲ್ಲೇ ಸುತ್ತುತ್ತೇವೆ. ಅದಕ್ಕೂ ಮೊದಲು ಹೊಳೆ ದಂಡೆಯಲ್ಲಿ ನಡೆದದ್ದು ನನಗೆ ಹೆಚ್ಚು ಮುಖ್ಯ ಅನಿಸುತ್ತದೆ.

ಇತಿಹಾಸಕಾರ ಫೆರಿಷ್ತಾ ಬರೆದ ಪ್ರಕಾರ, ದಕ್ಖನ್ನಿನ ಸುಲ್ತಾನರ ಸೈನ್ಯಗಳು ಕೃಷ್ಣೆಯ ಉತ್ತರ ದಂಡೆಗೆ ಬಂದಾಗ ದಾಟಲು ಅನುಕೂಲವಾದ ಜಾಗದ ಎದುರಿಗೆ ವಿಜಯನಗರದವರು ಆಗಲೇ ತೋಪು ಹೂಡಿ ಕೂತಿದ್ದರು. ಸುಲ್ತಾನರು ಅಲ್ಲಿ ತಲೆ ಚಚ್ಚಿಕೊಳ್ಳಲಿಲ್ಲ. ಬೇರೆ ಕಡೆ ದಾಟುವವರ ಹಾಗೆ ದಂಡೆಗುಂಟ ನಡೆಯತೊಡಗಿದರು. ಆಚೆ ದಂಡೆಯಲ್ಲಿ ವಿಜಯನಗರದವರೂ ಅವರ ಜೊತೆಜೊತೆಗೇ ನಡೆದರು. ಮೂರನೆಯ ರಾತ್ರಿ ಸುಲ್ತಾನರು ಡೇರೆ ಕಿತ್ತು ತಟ್ಟನೆ ಹಿಂದೆ ಹೊರಳಿ, ಸುಮಾರು 43 ಕಿ.ಮೀ. ದಾರಿ ಸವೆಸಿ ಮರುದಿನ ಮೊದಲಿನ ಜಾಗಕ್ಕೇ ಬಂದು ಮುಟ್ಟಿದರು. ತಡೆಯುವವರು ಯಾರೂ ಇರಲಿಲ್ಲ. ಆರಾಮಾಗಿ ದಾಟಿದರು. ಆ ಕೂಟದಲ್ಲಿ ನಮ್ಮ ಬೀದರದ ಅಲಿ ಬರೀದ್ ಶಾಹನೂ ಇದ್ದ.

ಇದನ್ನು ಓದುವಾಗ ನನಗೆ 2022ರ ಸೆಪ್ಟೆಂಬರ್ ನೆನಪಾಯಿತು. ದಕ್ಷಿಣದ ಖೆರ್ಸಾನ್ ಕಡೆ ದಾಳಿ ಮಾಡುತ್ತೇವೆ ಎಂದು ಉಕ್ರೇನ್ ಬೇಸಿಗೆಯಿಂದಲೇ ಬಹಿರಂಗವಾಗಿ ಹೇಳುತ್ತಿತ್ತು. ರಷ್ಯಾ ತನ್ನ ಒಳ್ಳೆಯ ಪಡೆಗಳನ್ನು ಅಲ್ಲಿಗೆ ಸಾಗಿಸಿತು. ಈಶಾನ್ಯದ ಖಾರ್ಕಿವ್ ಕಡೆಯ ಸಾಲು ತೆಳ್ಳಗಾಯಿತು. ಸೆಪ್ಟೆಂಬರ್ 6ಕ್ಕೆ ಬಲಾಕ್ಲಿಯಾ ಹತ್ತಿರ ಏಟು ಬಿತ್ತು, ವಾರ ತುಂಬುವುದರೊಳಗೆ ಕುಪ್ಯಾನ್ಸ್ಕ್, ಇಝ್ಯೂಮ್ ಎರಡೂ ಕೈಬಿಟ್ಟವು.

ನನ್ನ ವಾದ ಇಷ್ಟು: ಸೈನ್ಯಗಳು ಸೋಲುವುದು ಕೆಟ್ಟ ನೆಲದಲ್ಲಿ ಅಲ್ಲ. ಒಳ್ಳೆಯ ನೆಲವನ್ನು ನಂಬಿ, ಅಲ್ಲಿಂದ ಜನರನ್ನು ತೆಗೆದಾಗ. ಒಪ್ಪುತ್ತೀರಾ?

ಎರೆ ಹೊಲ (ಜೇವರ್ಗಿ)

ಅರ್ಧ ಒಪ್ಪತೀನ್ರಿ. ನೀವು ಹೊಳಿ ಅಂದ್ರ ವರ್ಷಪೂರ್ತಿ ಒಂದೇ ಥರ ಇರ್ತದ ಅಂದ್ಕೊಂಡೀರಿ. ಯುದ್ಧ ಆಗಿದ್ದು ಜನವರಿ. ಶ್ರಾವಣದಾಗ ಕೃಷ್ಣಾ, ಭೀಮಾ ದಂಡಿಗಿ ಬಂದು ನಿಂದರ್ರಿ, ಆಚಿ ದಂಡಿಗಿ ಒಬ್ಬ ಸಿಪಾಯಿನೂ ಬ್ಯಾಡ, ನೀರೇ ಕಾಯ್ತದ. ಪುಷ್ಯದಾಗ ಬಂದ್ರ ಎಮ್ಮಿ ಸೈತ ದಾಟ್ತಾವ. ಅದಕ್ಕಾಗೇ ಹಿಂದಿನ ಕಾಲದಾಗ ದಸರಾ ಮುಗಿದ ಮ್ಯಾಲೇ ದಂಡು ಹೊರಡ್ತಿತ್ತು.

ಎರೆ ಮಣ್ಣಿನ ಮಾತೂ ಅದ. ನಮ್ಮ ಜೇವರ್ಗಿ, ಅಫಜಲಪುರ ಕಡಿ ಮಳಿ ಬಿದ್ದ ಮರುದಿನ ಹೊಲದಾಗ ಟ್ರ್ಯಾಕ್ಟರ್ ಇಳಿಸಿ ನೋಡ್ರಿ. ಗಾಲಿಗಿ ಮಣ್ಣು ಸುತ್ತಿಕೊಂಡು ಅಲ್ಲೇ ಕೂಡ್ತದ. ತೋಪಿನ ಗಾಡಿ ಏನಾಗಬೇಕು? ಅದೇ ಹೊಲ ಬ್ಯಾಸಗಿದಾಗ ಕಲ್ಲಿನಂಗ, ಬಿರುಕು ಬಿಟ್ಟಿರ್ತದ, ಬೇಕಾದಂಗ ಓಡಾಡಬಹುದು. ನಕ್ಷಾದಾಗ ಎರಡಕ್ಕೂ ಒಂದೇ ಬಣ್ಣ.

ಉಕ್ರೇನ್‌ದಾಗೂ ಕರಿ ಮಣ್ಣೇ ಅಂತಲ್ರಿ.

ಮಾಜಿ ಹವಾಲ್ದಾರ್ (ಬಸವಕಲ್ಯಾಣ)

ಕೋಟೆ ಅಗಸಿಯವರು ಕೇಳಿದ್ದು ಒಳ್ಳೆ ಪ್ರಶ್ನೆ. ಆದ್ರ "ಜನರನ್ನು ತೆಗೆದಾಗ" ಅಂತ ಹೇಳೋದು ಸರಳ. ಯಾರೂ ಖುಷಿಯಿಂದ ತೆಗೆಯಂಗಿಲ್ಲ. ಲೆಕ್ಕ ಹೇಳ್ತೀನಿ.

ಒಂದು ರೈಫಲ್ ಕಂಪನಿ ಅಂದ್ರ ಕಾಗದದ ಮ್ಯಾಲೆ ಸುಮಾರು 120 ಜನ. ರಜಾ ಮ್ಯಾಲೆ ಹೋದವರು, ಆಸ್ಪತ್ರೆದಾಗ ಇದ್ದವರು, ಕೋರ್ಸಿಗೆ ಹೋದವರು, ಲಂಗರು (ಅಡಗಿಮನಿ), ವೈರ್‌ಲೆಸ್, ಕೋತ್ (ಹತಿಯಾರ ಇಡೋ ಕೋಣಿ) ಕಳೀರಿ. ಮೋರ್ಚಾದಾಗ 80-90 ಉಳೀತಾರ. ರಾತ್ರಿ ಮೂರರಾಗ ಒಂದು ಪಾಲು ಎಚ್ಚರ ಇದ್ರ ದೊಡ್ಡದು. ಪಹರೆ ಒಬ್ಬನ್ನೇ ಹಾಕಂಗಿಲ್ಲ, ಜೋಡಿ ಬೇಕು. ಅಂದ್ರ ಕತ್ತಲದಾಗ ಖರೇ ಕಣ್ಣು ತೆರೆದಿರೋದು 13-14 ಜಾಗದಾಗ. ಇಂಥ ಕಂಪನಿಗಿ ಮೂರು ಕಿಲೋಮೀಟರ್ ಗುಡ್ಡಗಾಡು ಕೊಟ್ರ, ಎರಡು ಪಹರೆ ನಡುವ 200 ಮೀಟರ್‌ಗಿಂತ ಹೆಚ್ಚು ಖಾಲಿ ಜಾಗ. ಅಲ್ಲೊಂದು ಹಳ್ಳ ಹಾದು ಹೋಗಿದ್ರ ಮುಗೀತು.

ಹಂಗಾಗಿ ಕಮಾಂಡರ್ ಏನು ಮಾಡ್ತಾನ? ಎಲ್ಲಿ ವೈರಿ ಬರಲಿಕ್ಕೆ ಆಗಂಗಿಲ್ಲ ಅನಿಸ್ತದ, ಅಲ್ಲಿಂದ ತೆಗೆದು ಎಲ್ಲಿ ಬರ್ತಾನ ಅನಿಸ್ತದ, ಅಲ್ಲಿ ಹಾಕ್ತಾನ. ಇದು ತಪ್ಪಲ್ಲ, ಬೇರೆ ದಾರಿನೇ ಇಲ್ಲ. ತಪ್ಪಾಗೋದು ಎರಡು ಕಡಿ. ಖಾಲಿ ಬಿಟ್ಟ ಜಾಗದ ಮ್ಯಾಲೆ ಗಸ್ತು ತಿರುಗಿಸದೇ ಇರೋದು ಒಂದು. ಹಿಂದ ಮೀಸಲು ಪಡೆ ಇಟ್ಟುಕೊಳ್ಳದೇ ಇರೋದು ಇನ್ನೊಂದು.

ಕಾರ್ಗಿಲ್ ಏನಾಯ್ತು? ಚಳಿಗಾಲದಾಗ ಮ್ಯಾಲಿನ ಕೆಲವು ಪೋಸ್ಟ್ ಖಾಲಿ ಮಾಡಿ ಕೆಳಗ ಇಳಿಯೋದು ಎರಡೂ ಕಡಿ ರೂಢಿ ಇತ್ತು. ಹಿಮಾನೇ ಕಾಯ್ತದ ಅನ್ನೋ ನಂಬಿಗಿ. 1999ರಾಗ ಪಾಕಿಸ್ತಾನದವರು ಆ ಹಿಮದಾಗೇ ಬಂದು ಕುಂತ್ರು. ದ್ರಾಸ್ ಹತ್ತಿರ ತೋಲೋಲಿಂಗ್ ಮ್ಯಾಲೆ ಕುಂತವಗ ಶ್ರೀನಗರ-ಲೇಹ್ ರಸ್ತೆ ಅಂಗೈ ಮ್ಯಾಲಿನ ಗೆರಿ ಕಂಡಂಗ ಕಾಣ್ತದ. ಆಮ್ಯಾಲೆ ಅದನ್ನ ವಾಪಸ್ ತಗೊಳ್ಳಲಿಕ್ಕೆ ಜೂನ್ 13ರ ತನಕ ಬೇಕಾಯ್ತು, ಟೈಗರ್ ಹಿಲ್ ಜುಲೈ 4ಕ್ಕ. ಎಷ್ಟು ಹುಡುಗ್ರು ಹೋದ್ರು ಅಂತ ನಾನು ಇಲ್ಲಿ ಬರಿಯಂಗಿಲ್ಲ.

ಆಕಾಶ ಕಣ್ಣು (ಕಲಬುರಗಿ)

ಎಲ್ಲರಿಗೂ ನಮಸ್ಕಾರ. ನಾನು ಇಂಜಿನಿಯರಿಂಗ್ ವಿದ್ಯಾರ್ಥಿ, ಡ್ರೋನ್ ಕ್ಲಬ್‌ನಲ್ಲಿದ್ದೀನಿ. ಕಾಕಾ ಹೇಳಿದ್ದೆಲ್ಲ ಅವರ ಕಾಲಕ್ಕೆ ಸರಿ. ಆದರೆ ಈಗ ಗುಡ್ಡದ ಹಿಂದೆ ಏನಿದೆ ಅಂತ ನೋಡೋಕೆ ಗುಡ್ಡ ಹತ್ತಬೇಕಾಗಿಲ್ಲ. ಉಕ್ರೇನ್‌ನಲ್ಲಿ ಸಾಲಿನ ಎರಡೂ ಬದಿಗೆ ಹತ್ತಾರು ಕಿ.ಮೀ. ತನಕ ಹಗಲಲ್ಲಿ ವಾಹನ ಓಡಿಸೋದೇ ಆತ್ಮಹತ್ಯೆ. ಜನ ಗುಂಪಾಗಿ ಕೂತರೆ ಏಟು ಬೀಳುತ್ತೆ. ಅದಕ್ಕೇ ಬೇಕಂತಲೇ ಸಾಲು ತೆಳ್ಳಗೆ ಮಾಡಿದ್ದಾರೆ, ಇಬ್ಬರು ಇಲ್ಲಿ, ಮೂವರು ಅಲ್ಲಿ. ನಡುವಿನ ಜಾಗ ಕಾಯೋದು ಡ್ರೋನ್. ನೆಲದ ಬೆಲೆ ಮುಗೀತು ಅನ್ನೋದು ನನ್ನ ಅಭಿಪ್ರಾಯ.

ಭೂಗೋಳ ಮೇಡಂ (ಬೀದರ)

ಮುಗೀತು ಅನ್ನುವ ಮಾತು ತೋಪು ಬಂದಾಗಲೂ ಕೇಳಿಬಂದಿರಬೇಕು. ಡ್ರೋನ್ ವಿಚಾರಕ್ಕೆ ಹವಾಲ್ದಾರರು ಉತ್ತರ ಕೊಡಲಿ. ನಾನು ನಮ್ಮೂರಿನ ಕೋಟೆಯಿಂದ ಶುರು ಮಾಡುತ್ತೇನೆ.

ಬಹಮನಿಗಳು 1347ರಿಂದ ಆಳಿದ್ದು ಕಲಬುರಗಿಯಿಂದ. ಆ ಕೋಟೆ ಬಯಲಲ್ಲಿದೆ. ಗೋಡೆ, ಕಂದಕ ಎಲ್ಲ ಮನುಷ್ಯ ಮಾಡಿದ್ದೇ, ನೆಲ ಕೊಟ್ಟ ಉಡುಗೊರೆ ಏನೂ ಇಲ್ಲ. ಅಹಮದ್ ಶಾಹ ವಲಿ ರಾಜಧಾನಿಯನ್ನು ಬೀದರಕ್ಕೆ ತಂದ. ಗಾಳಿ, ನೀರು, ರಾಜ್ಯದ ನಡುಭಾಗ, ದರ್ಬಾರಿನ ಒಳಜಗಳ ಹೀಗೆ ಕಾರಣ ಹಲವು ಹೇಳುತ್ತಾರೆ. ಆದರೆ ಸೈನ್ಯದ ಕಣ್ಣಿಗೆ ಒಂದೇ ನೋಟ ಸಾಕು: ಬೀದರ ಕೋಟೆ ಜಂಬಿಟ್ಟಿಗೆ ಕಲ್ಲಿನ ಪ್ರಸ್ಥಭೂಮಿಯ ಅಂಚಿನಲ್ಲಿ ಕೂತಿದೆ. ಉತ್ತರ, ಪೂರ್ವದ ಕಡೆ ನೆಲ ಕಡಿದಾಗಿ ಮಾಂಜ್ರಾ ಬಯಲಿಗೆ ಇಳಿಯುತ್ತದೆ. ಆ ಕಡೆಯಿಂದ ಏಣಿ ಹೊತ್ತು ಬರುವವನನ್ನು ಮೇಲಿನವರು ತಾವು ಕಾಣಿಸಿಕೊಳ್ಳದೆ ನೋಡುತ್ತಾರೆ.

ಊರಿನ ಕಡೆ, ಅಂದರೆ ದಕ್ಷಿಣಕ್ಕೆ, ನೆಲ ಸಮತಟ್ಟು. ಅಲ್ಲೇ ಮೂರು ಸಾಲಿನ ಕಂದಕ ತೋಡಿದ್ದಾರೆ. ಕಲ್ಲನ್ನೇ ಕೊರೆದು, ನಡುವೆ ಎರಡು ಕಲ್ಲಿನ ಗೋಡೆಗಳನ್ನು ಹಾಗೆಯೇ ಉಳಿಸಿದ್ದಾರೆ. ಜಂಬಿಟ್ಟಿಗೆ ಅಗೆಯುವಾಗ ಮೆತ್ತಗೆ, ಗಾಳಿಗೆ ಬಿಟ್ಟ ಮೇಲೆ ಗಟ್ಟಿ. ಅದೇ ಕೆಲಸ ಶಹಾಪುರದ ಗಟ್ಟಿ ಬಂಡೆಯಲ್ಲಿ ಮಾಡಲು ಹೋಗಿದ್ದರೆ ತಲೆಮಾರು ಬೇಕಾಗುತ್ತಿತ್ತು.

ಕೋಟೆ ಅಗಸಿಯವರ ವಾದ ಇಲ್ಲಿ ಸ್ವಲ್ಪ ತಿರುಗುತ್ತದೆ. ಬೀದರದವರು ನೆಲವನ್ನು ನಂಬಿ ಕೂರಲಿಲ್ಲ. ನೆಲ ಎಲ್ಲಿ ಕೈಕೊಡುತ್ತದೋ ಅಲ್ಲೇ ದುಡ್ಡು, ಬೆವರು ಸುರಿದರು. ಆದರೂ 1657ರಲ್ಲಿ ಔರಂಗಜೇಬ್ 27 ದಿನದಲ್ಲಿ ತೆಗೆದುಕೊಂಡ. ಒಳಗಿನ ಮದ್ದಿಗೆ ಬೆಂಕಿ ಬಿತ್ತು, ಕಿಲ್ಲೇದಾರ ಸಿದ್ದಿ ಮರ್ಜಾನ್ ಮಕ್ಕಳ ಸಮೇತ ಸುಟ್ಟು ಗಾಯಗೊಂಡ.

ಸಗರನಾಡ ಹುಡುಗ (ಸುರಪುರ)

ಬೀದರ, ಕಲಬುರಗಿ ಅಂತ ಅಲ್ಲೇ ನಿಂತ್ರಿ. ನಮ್ಮ ಸುರಪುರ ಹತ್ತಿರದ ವಾಗಣಗೇರಾ ಕೋಟಿಗಿ ಬರ್ರಿ ಒಮ್ಮೆ!

ಔರಂಗಜೇಬ್ ತಾನೇ ಖುದ್ದು ಮುಂದ ನಿಂತು ಮಾಡಿದ ಕೊನೀ ಮುತ್ತಿಗಿ ನಮ್ಮದೇ, 1705. ಫೆಬ್ರುವರಿದಾಗ ಬಂದಾತ ಏಪ್ರಿಲ್ ಕೊನೀ ತನಕ ಕುಂತ. ನಮ್ಮ ಬೇಡರ ಪಡಿ ಬಂದೂಕದಾಗ ಹೆಸರುವಾಸಿ. ಅಲ್ಲಿ ಕೋಟಿ ಎದುರಿಗಿ ಒಂದು ಕೆಂಪು ಮರಡಿ, ಮೊಗಲರ ಬರಹದಾಗ ಲಾಲ್ ಟೀಕ್ರಿ ಅಂತ ಬರ್ತದ. ಕೋಟಿ ಮ್ಯಾಲೆ ತೋಪು ಹಾರಿಸಲಿಕ್ಕೆ ಅದೇ ಜಾಗ. ಮೊಗಲರು ಒಮ್ಮೆ ಹತ್ತಿ ಕುಂತ್ರು, ನಮ್ಮೋರು ಕೆಳಗ ನೂಕಿದ್ರು. ಇಡೀ ಹಿಂದುಸ್ತಾನದ ಬಾದಶಾಹನ ದಂಡು ಒಂದು ಮರಡಿ ಮ್ಯಾಲೆ ನಿಂದ್ರಲಾರದೇ ಹೋಯ್ತು!

ಕೊನೀಗಿ ಏನಾಯ್ತು ಗೊತ್ತದೇನ್ರಿ? ಮೊಗಲ ಸರದಾರ ಜುಲ್ಫಿಕರ್ ಖಾನ್ ಹೊಸ ಪಡಿ ತಗೊಂಡು ಬಂದು ಕೆಳಗಿನ ಬಾವಿಗಳನ್ನ ಹಿಡಿದ. ನೀರು ಹೋಯ್ತು. ನಾಯಕರು ರಾತೋರಾತ್ರಿ ಕೋಟಿ ಬಿಟ್ಟು ಹೊಂಟ್ರು, ಬಾದಶಾಹಗ ಸಿಕ್ಕಿದ್ದು ಖಾಲಿ ಕೋಟಿ. ಆತ ಅಲ್ಲೇ ದೇವಾಪುರದಾಗ ಜಡ್ಡು ಬಿದ್ದ, ಎರಡು ವರ್ಷದಾಗ ಹೋದ.

ಅದಕ್ಕ ನಾ ಹೇಳೋದು, ಗುಡ್ಡದ ಬೆಲಿ ಕೇಳಬ್ಯಾಡ್ರಿ. ಬಾವಿ ಎಲ್ಲದ ಅಂತ ಕೇಳ್ರಿ.

ಎರೆ ಹೊಲ (ಜೇವರ್ಗಿ)

ಸುರಪುರದ ತಮ್ಮ ಜೋರದಾನ 😄 ಆದ್ರ ಮಾತು ಖರೆ.

ಕೋಟೆ ಅಗಸಿ (ಕಲಬುರಗಿ)

ಮೇಡಂ, ತಮ್ಮ ಇಬ್ಬರಿಗೂ ಶರಣು. ಆದರೆ ನೀವಿಬ್ಬರೂ ಹೇಳಿದ್ದು ಕೋಟೆ. ನಾನು ಕೇಳಿದ್ದು ಸಾಲು. ಕೋಟೆಗೆ ಸುತ್ತಳತೆ ಇರುತ್ತದೆ, ಲೆಕ್ಕ ಹಾಕಿ ಜನ ನಿಲ್ಲಿಸಬಹುದು. ಗಡಿಗೆ ಆ ಭಾಗ್ಯ ಇಲ್ಲ.

1948ನ್ನೇ ನೋಡಿ. ಹೈದರಾಬಾದ್ ಸಂಸ್ಥಾನ 2 ಲಕ್ಷ ಚದರ ಕಿ.ಮೀ. ಮೀರಿದ್ದು, ನಾಲ್ಕೂ ದಿಕ್ಕಿಗೆ ಭಾರತ. ನಿಜಾಮನ ತರಬೇತಿ ಪಡೆದ ಸೈನಿಕರು ಕೆಲವೇ ಸಾವಿರ. ರಜಾಕಾರರು ಸಂಖ್ಯೆಗೆ ಇದ್ದರು, ಟ್ಯಾಂಕಿನ ಎದುರು ಅದು ಲೆಕ್ಕಕ್ಕಿಲ್ಲ. ಸೆಪ್ಟೆಂಬರ್ 13ಕ್ಕೆ ಸೊಲ್ಲಾಪುರದಿಂದ ಮೇಜರ್ ಜನರಲ್ ಜೆ.ಎನ್. ಚೌಧುರಿ ಅವರ ಪಡೆ ಹೊರಟಿತು. ಆ ದಾರಿಯಲ್ಲಿ ಕಾಯಬಹುದಾದ ಒಳ್ಳೆಯ ಜಾಗ ಎಂದರೆ ನಳದುರ್ಗ: ಕೋಟೆ, ಕೆಳಗೆ ಬೋರಿ ನದಿ, ಒಂದು ಸೇತುವೆ. ಸೇತುವೆ ಹಾರಿಸುವುದರೊಳಗೆ ಭಾರತದ ಪಡೆ ಅದನ್ನು ಇಡಿಯಾಗಿ ಹಿಡಿಯಿತು. ಆಮೇಲೆ ಉಮರ್ಗಾ, ನಮ್ಮ ಬೀದರ ಜಿಲ್ಲೆಯ ರಾಜೇಶ್ವರ, ಜಹೀರಾಬಾದ್. ಅಲ್ಲಲ್ಲಿ ಹೊಂಚು ಹಾಕಿದ್ದರು, ನೆಲಬಾಂಬು ಹೂತಿದ್ದರು, ತಡವಾಯಿತು, ನಿಲ್ಲಲಿಲ್ಲ. 17ರ ನಸುಕಿಗೆ ಬೀದರ ಸೇರಿದರು. ಐದು ದಿನ.

ಮಾಜಿ ಹವಾಲ್ದಾರ್ (ಬಸವಕಲ್ಯಾಣ)

ರಾಜೇಶ್ವರ ನಮ್ಮ ತಾಲ್ಲೂಕು. ಆ ರಸ್ತೆ ಈಗ ನೋಡಿದ್ರ ನಾಲ್ಕು ಸಾಲಿನ ಹೆದ್ದಾರಿ, ಆದ್ರ ಅಕ್ಕಪಕ್ಕದ ಏರು-ಇಳಕಲು ಅವೇ. ಕಾಯಬೇಕು ಅಂದ್ರ ಜಾಗ ಇದ್ದವು. ಆದ್ರ ವಿಮಾನ ಮ್ಯಾಲಿಂದ ನೋಡಿ, ಹೊಂಚು ಎಲ್ಲೆಲ್ಲಿ ಅದ ಅಂತ ತಿಳಿಸಿ, ಟೆಂಪೆಸ್ಟ್ ವಿಮಾನ ಕರೆಸಿ ಹೊಡೆದ್ರು. ಆಕಾಶ ಕಣ್ಣು ತಮ್ಮ ಇದನ್ನ ಓದಬೇಕು, ಮ್ಯಾಲಿನ ಕಣ್ಣು ಹೊಸದಲ್ಲ.

ಈಗ ಡ್ರೋನ್ ಮಾತಿಗಿ ಬರ್ತೀನಿ. ತಮ್ಮಾ, ನೀ ಕ್ಲಬ್‌ದಾಗ ಹಾರಿಸ್ತಿ. ಒಂದು ಗುಡ್ಡದ ಹಿಂದ ತಗ್ಗಿಗಿ ಇಳಿಸಿ ನೋಡು, ಚಿತ್ರ ಏನಾಗ್ತದ?

ಆಕಾಶ ಕಣ್ಣು (ಕಲಬುರಗಿ)

ಸಿಗ್ನಲ್ ಹೋಗುತ್ತೆ ಕಾಕಾ. ಕೆಳಗೆ ಇಳಿದಷ್ಟೂ ಗುಡ್ಡ ಅಡ್ಡ ಬರುತ್ತೆ. ಅದಕ್ಕೇ ಅಲ್ಲಿ ಆಂಟೆನಾ ಎತ್ತರದಲ್ಲಿ ಹಾಕ್ತಾರೆ, ಇಲ್ಲಾಂದ್ರೆ ಇನ್ನೊಂದು ಡ್ರೋನ್ ಮೇಲೆ ನಿಲ್ಲಿಸಿ ಅದರ ಮೂಲಕ ಕಳಿಸ್ತಾರೆ. ಈಗ ಫೈಬರ್ ತಂತಿ ಬಿಚ್ಚಿಕೊಂಡು ಹೋಗೋವೂ ಬಂದಿವೆ.

ಮಾಜಿ ಹವಾಲ್ದಾರ್ (ಬಸವಕಲ್ಯಾಣ)

ಶಾಬಾಸ್. ಅಂದ್ರ ಆಂಟೆನಾಕ್ಕ ಗುಡ್ಡ ಬೇಕು! ಮೊದಲು ದೂರ್ಬೀನ್ ಹಿಡಿದವನು ಕೂಡ್ತಿದ್ದ ಜಾಗದಾಗ ಈಗ ಆಂಟೆನಾ ಕುಂತದ. ದೋನೆತ್ಸ್ಕ್ ಕಡಿ ಗಣಿ ಅಗೆದ ಮಣ್ಣಿನ ಗುಪ್ಪಿಗೋಸ್ಕರ ಜನ ಸತ್ತಾರ, ಅವ್ದಿಯಿವ್ಕಾದಾಗ ಅದೇ ಕಥಿ. ಬಯಲು ನಾಡಿನಾಗ ಮಣ್ಣಿನ ಗುಪ್ಪಿನೂ ಪರ್ವತ.

ಆದ್ರ ಎತ್ತರ ಒಂದೇ ಸಾಲಂಗಿಲ್ಲ. ಲಡಾಖದ ರೆಜಾಂಗ್ ಲಾ ಗೊತ್ತಲ್ಲ, ಚೀನಾ ಯುದ್ಧ, 1962ರ ನವೆಂಬರ್ 18. 13 ಕುಮಾಊಂ ಪಲ್ಟನ್‌ದ ಚಾರ್ಲಿ ಕಂಪನಿ, ಮೇಜರ್ ಶೈತಾನ್ ಸಿಂಗ್. 16,000 ಅಡಿ ಮ್ಯಾಲೆ, 120 ಜನ. ಎತ್ತರ ಇತ್ತು, ಎದಿಗಾರಿಕಿ ಇತ್ತು. ಆದ್ರ ಹಿಂದಿನ ನಮ್ಮ ತೋಪುಗಳಿಗೂ ಅವರಿಗೂ ನಡುವ ಒಂದು ಶಿಖರ ಅಡ್ಡ, ಗುಂಡು ಆ ಕಡಿ ಬೀಳಿಸಲಿಕ್ಕೆ ಆಗಲಿಲ್ಲ. ಹಿಂದಿನಿಂದ ಆಸರಿ ಇಲ್ಲದ ಎತ್ತರ. 110ಕ್ಕಿಂತ ಹೆಚ್ಚು ಜನ ಅಲ್ಲೇ ಉಳಿದ್ರು.

ಇದರ ಎದುರಿಗಿ ರಾಜಸ್ಥಾನದ ಲೋಂಗೆವಾಲಾ ಇಡ್ರಿ, 1971ರ ಡಿಸೆಂಬರ್ 4ರ ರಾತ್ರಿ. ಅಲ್ಲೂ 23 ಪಂಜಾಬ್‌ದ ಒಂದೇ ಕಂಪನಿ, ಅಲ್ಲೂ 120 ಜನರ ಆಜುಬಾಜು. ಜಾಗ ಮರಳು ದಿಬ್ಬ, ಏನು ಮಹಾ ಎತ್ತರ ಅಲ್ಲ. ಆದ್ರ ಪಾಕಿಸ್ತಾನದ ಟ್ಯಾಂಕು ಮೆತ್ತನ ಮರಳಿನಾಗ ಹುಗಿದವು, ಬೆಳಗಾಗೋದಕ್ಕ ಜೈಸಲ್ಮೇರದಿಂದ ಹಂಟರ್ ವಿಮಾನ ಬಂದವು. ತೆಳು ಸಾಲು ಉಳೀತು. ಯಾಕಂದ್ರ ನೆಲ ವೈರಿಯನ್ನ ತಡವಿಸ್ತು, ಆ ತಡದಾಗ ಸಹಾಯ ಬಂತು. ಎರಡೂ ಕೂಡಿದ್ರೇ ಕೆಲಸ.

ಭೂಗೋಳ ಮೇಡಂ (ಬೀದರ)

ಹವಾಲ್ದಾರರ ಈ ಮಾತಿಗೆ ಯುರೋಪಿನ ಆರ್ಡೆನ್ಸ್ ಕಾಡು ಸಾಕ್ಷಿ. 1940ರಲ್ಲಿ ಫ್ರೆಂಚರು ಆ ಕಾಡು, ಕಣಿವೆ, ಮ್ಯೂಸ್ ನದಿ ನಂಬಿ ಸೆಡಾನ್ ಬಳಿ ವಯಸ್ಸಾದ ಮೀಸಲು ಸೈನಿಕರನ್ನು ಬಿಟ್ಟಿದ್ದರು, ಜರ್ಮನರ ಟ್ಯಾಂಕು ಅಲ್ಲಿಂದಲೇ ಬಂತು. 1944ರ ಡಿಸೆಂಬರ್‌ನಲ್ಲಿ ಅಮೆರಿಕನ್ನರು ಅದೇ ಕಾಡಿನಲ್ಲಿ ಹೊಸದಾಗಿ ಬಂದ 106ನೇ ಡಿವಿಷನ್ನನ್ನು, ಶಾಂತ ಜಾಗ, ಕಲಿಯಲಿ ಎಂದು ಉದ್ದುದ್ದಕ್ಕೆ ಹರಡಿದರು. 16ಕ್ಕೆ ಮತ್ತೆ ಅಲ್ಲೇ ದಾಳಿ. ನಾಲ್ಕೂವರೆ ವರ್ಷದಲ್ಲಿ ಎರಡು ಸಲ! ವ್ಯತ್ಯಾಸ ಬೆನ್ನ ಹಿಂದಿನ ಮೀಸಲಿನಲ್ಲಿ: 1940ರಲ್ಲಿ ಫ್ರೆಂಚರ ಬಳಿ ಹೊಂದಿಸಿ ಕಳಿಸಲು ಮೀಸಲು ಇರಲಿಲ್ಲ, 1944ರಲ್ಲಿ ಅಲ್ಲಿನ ಬಾಸ್ತೋನ್ ಊರಿಗೆ ಲಾರಿಗಳಲ್ಲಿ ಜನ ತುಂಬಿ ಕಳಿಸಿದರು.

ನದಿ ಕಿನಾರೆ (ಯಾದಗಿರಿ)

ಇಷ್ಟೊತ್ತು ಸುಮ್ಮನೆ ಓದ್ತಾ ಇದ್ದೆ. ಕೋಟೆ ಅಗಸಿ ಅಣ್ಣೋರ ಖೆರ್ಸಾನ್ ಹೋಲಿಕೆಗೆ ನನ್ನ ತಕರಾರು ಇದೆ. 1565ರಲ್ಲಿ ಸುಲ್ತಾನರು ನಡೆದದ್ದು ಬರೀ ಆಟ. ಖೆರ್ಸಾನ್ ಆಟ ಅಲ್ಲ, ಅಲ್ಲಿ ಉಕ್ರೇನ್ ನಿಜಕ್ಕೂ ಹೊಡೆದಾಡಿತು. ಆಂಟೋನಿವ್ಕಾ ಸೇತುವೆಗೆ ತಿಂಗಳುಗಟ್ಟಲೆ ರಾಕೆಟ್ ಹೊಡೆದು, ದ್ನೀಪರ್ ಹೊಳೆ ಬೆನ್ನಿಗಿಟ್ಟುಕೊಂಡು ಕೂತ ರಷ್ಯನ್ನರಿಗೆ ಅನ್ನ, ಮದ್ದು ಹೋಗದ ಹಾಗೆ ಮಾಡಿ, ನವೆಂಬರ್ 11ಕ್ಕೆ ಊರು ತೆಗೆದುಕೊಂಡರು.

ಖೆರ್ಸಾನಿಗೆ ಜೋಡಿ ಬೇಕಾದರೆ 1520ರ ರಾಯಚೂರು ತೆಗೆದುಕೊಳ್ಳಿ. ಇಸ್ಮಾಯಿಲ್ ಆದಿಲ್ ಶಾಹ ಕೃಷ್ಣೆ ದಾಟಿ ಈಚೆ ಬಂದು, ಹೊಳೆ ಬೆನ್ನಿಗೆ ಹಾಕಿಕೊಂಡು ನಿಂತ. ಅವನ ತೋಪುಗಳ ಮೊದಲ ಹೊಡೆತಕ್ಕೆ ವಿಜಯನಗರದ ಮುಂದಿನ ಸಾಲು ಒಡೆಯಿತು. ಕೃಷ್ಣದೇವರಾಯ ಹಿಂದಿನ ಸಾಲಿನೊಂದಿಗೆ ಏರಿಹೋದಾಗ ಆದಿಲ್ ಶಾಹಿ ಪಡೆಗೆ ಹಿಂದೆ ಸರಿಯಲು ನೆಲವೇ ಇರಲಿಲ್ಲ, ನೀರಿತ್ತು. ರಷ್ಯನ್ನರು ಕನಿಷ್ಠ ಅದನ್ನು ನೋಡಿ ಮೊದಲೇ ದಾಟಿ ಹೋದರು.

ಕೋಟೆ ಅಗಸಿ (ಕಲಬುರಗಿ)

ಆಟವೋ ನಿಜವೋ, ಎದುರಿನವನು ಪಡೆ ಸಾಗಿಸಿದ್ದು ನಿಜ ತಾನೆ? ಖಾರ್ಕಿವ್ ಕಡೆ ತೆಳುವಾದದ್ದು ಅದರಿಂದಲೇ. ನಿಜವಾದ ಬೆದರಿಕೆಯೇ ಅತ್ಯುತ್ತಮ ಆಮಿಷ. ರಾಯಚೂರಿನ ಜೋಡಿ ಮಾತ್ರ ಬಲು ಚೆನ್ನಾಗಿದೆ.

ಹವಾಲ್ದಾರ್ ಕಾಕಾ, ಒಂದು ಕೇಳ್ತೀನಿ. ನೀವು 1565ರ ಜನವರಿಯಲ್ಲಿ ದಕ್ಷಿಣ ದಂಡೆಯಲ್ಲಿ ಇದ್ದಿದ್ದರೆ ಏನು ಮಾಡುತ್ತಿದ್ದಿರಿ? ವೈರಿ ದಂಡೆಗುಂಟ ಹೊರಟಿದ್ದಾನೆ. ಹಿಂದೆ ಹೋಗದಿದ್ದರೆ ಬೇರೆ ಕಡೆ ದಾಟುತ್ತಾನೆ. ಹೋದರೆ ಇಲ್ಲಿ ದಾಟುತ್ತಾನೆ.

ಮಾಜಿ ಹವಾಲ್ದಾರ್ (ಬಸವಕಲ್ಯಾಣ)

ಮಂದಿಯನ್ನ ದಂಡಿ ಮ್ಯಾಲಿಂದ ಎತ್ತಿಬಿಡ್ತಿದ್ದೆ. ದಾಟೋ ಜಾಗ ಒಂದೊಂದಕ್ಕೂ ಸಣ್ಣ ಪಹರೆ, ತೋಪು ಹೂಡಿದಲ್ಲೇ ಬಿಡಬೇಕು, ಎಳೆದಾಡಬಾರದು. ವೈರಿ ಜೊತಿ ನಡೀಲಿಕ್ಕೆ ಬರೇ ಹತ್ತಿಪ್ಪತ್ತು ಕುದುರೆ ಸಾಕು, ಸುದ್ದಿ ತರಲಿಕ್ಕೆ. ದೊಡ್ಡ ಕುದುರೆ ಪಡೆ ಹೊಳಿಯಿಂದ ಐದಾರು ಹರದಾರಿ ಹಿಂದ, ಎಲ್ಲಾ ದಾಟೋ ಜಾಗಕ್ಕ ಸರಿಸುಮಾರು ಅಷ್ಟೇ ದೂರ ಆಗೋ ಕಡಿ. ಯಾರು ಎಲ್ಲಿ ದಾಟಿದ್ರೂ ಅರ್ಧ ಈಚಿ, ಅರ್ಧ ಆಚಿ ಇದ್ದಾಗ ಹೊಡೀಬೇಕು. ಹೊಳಿ ಕೆಲಸ ವೈರಿಯನ್ನ ತಡೆಯೋದಲ್ಲ, ಎರಡು ತುಂಡು ಮಾಡೋದು.

ನದಿ ಕಿನಾರೆ (ಯಾದಗಿರಿ)

ಕಾಗದದ ಮೇಲೆ ಚಂದ. ಆದರೆ ರಾಮರಾಯನ ಕೈಕೆಳಗೆ ಹತ್ತಾರು ನಾಯಕರ ಪಡೆ. ಯಾರನ್ನು ಸಣ್ಣ ಪಹರೆಗೆ ಬಿಡೋದು, ಯಾರನ್ನು ಹಿಂದೆ ನಿಲ್ಲಿಸೋದು? ಬಿಟ್ಟವನು ರಾತ್ರೋರಾತ್ರಿ ಒಪ್ಪಂದ ಮಾಡಿಕೊಂಡರೆ? ಎಲ್ಲರನ್ನೂ ಕಣ್ಣೆದುರಿಗೆ ಇಟ್ಟುಕೊಂಡು ನಡೆಯೋದೇ ಅವನಿಗೆ ಸುರಕ್ಷಿತ ಅನಿಸಿರಬಹುದು.

ಎರೆ ಹೊಲ (ಜೇವರ್ಗಿ)

ಇಬ್ಬರೂ ಎತ್ತಿನ ಲೆಕ್ಕ ಬಿಟ್ರಿ. ಹೇರು ಹೊತ್ತ ಗಾಡಿ ಒಳ್ಳೆ ದಾರಿದಾಗ ತಾಸಿಗಿ ಮೂರು ಕಿಲೋಮೀಟರ್ ಹೋದ್ರ ಹೆಚ್ಚು. ದಂಡಿಗುಂಟ ಹಳ್ಳ ಸಿಕ್ರ ಅದೂ ಇಲ್ಲ. 43 ಕಿಲೋಮೀಟರ್ ಅಂದ್ರ ಎತ್ತು ಬಿಚ್ಚದೇ 14-15 ತಾಸು, ಅಷ್ಟೊತ್ತು ಯಾವ ಎತ್ತೂ ನಡಿಯಂಗಿಲ್ಲ. ಸುಲ್ತಾನರು ಮೊದಲು ಕುದುರೆ ಓಡಿಸಿ ಜಾಗ ಹಿಡಿದಾರ, ತೋಪು ಆಮ್ಯಾಲೆ ಬಂದಿರಬೇಕು. ಹಂಗಿದ್ರ ಹವಾಲ್ದಾರ್ ಸಾಹೇಬರು ಹೇಳಿದ ಆ ಸಣ್ಣ ಪಹರೆ, ಹೂಡಿದಲ್ಲೇ ಬಿಟ್ಟ ನಾಲ್ಕು ತೋಪು ಇದ್ದಿದ್ರೂ ಕುದುರೆಗಳನ್ನ ಸಂಜಿ ತನಕ ನೀರಿನಾಗೇ ನಿಂದರಿಸಬಹುದಿತ್ತು. ನಾಯಕರ ಜಗಳ ನನಗ ಗೊತ್ತಿಲ್ಲ, ಎತ್ತಿನ ನಡಿಗಿ ಗೊತ್ತದ.